ಅಭಯವಿಲ್ಲದ ದಾನ

ದಾನದ ಮೂಟೆಗೆ ಲೆಕ್ಕವಿಡುವ ಸಮಾಜವು ಆ ಮೂಟೆಯನ್ನು ಹೊತ್ತೊಯ್ಯುವವನ ಪ್ರಾಣಕ್ಕೆ ಲೆಕ್ಕವಿಡುವುದಿಲ್ಲ. ಪುತ್ತೂರು, ಸುಳ್ಯ, ಕಡಬಗಳಲ್ಲಿ ಹೊಳೆ ಉಕ್ಕಿದಾಗ, ಗುಡ್ಡ ಜರಿದಾಗ, ಅಕ್ಕಿ, ಕಂಬಳಿ, ಔಷಧಗಳನ್ನು ಕಳುಹಿಸಲು ಉದಾರಿಗಳಿಗೆ ಕೊರತೆಯಿಲ್ಲ. ಅದು ಸ್ತುತ್ಯವೇ. ಆದರೆ ಹೋದವರು ಕ್ಷೇಮವಾಗಿ ಮರಳಿದರೇ ಎಂದು ವಿಚಾರಿಸುವವರೆಷ್ಟು ಮಂದಿ?

2023ರ ಫೆಬ್ರವರಿ 20ರ ಮುಂಜಾನೆ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಹಾಲಿನ ಸೊಸೈಟಿಯ ಕೆಲಸಕ್ಕೆ ಹೊರಟಿದ್ದ ಯುವತಿಯ ಮೇಲೆ ಕಾಡಾನೆ ಎರಗಿತು. ಕೂಗು ಕೇಳಿ ರಕ್ಷಣೆಗೆ ಧಾವಿಸಿದ ಸ್ಥಳೀಯರೊಬ್ಬರನ್ನೂ ಅದು ಬಿಡಲಿಲ್ಲ, ಇಬ್ಬರೂ ಅಸುನೀಗಿದರು. ಕೆಲವೇ ದಿನಗಳಲ್ಲಿ ಅರಣ್ಯ ಸಿಬ್ಬಂದಿಯು ಸಾಕಾನೆಗಳ ಸಹಾಯದಿಂದ ಒಂದು ಆನೆಯನ್ನು ಸೆರೆಹಿಡಿದಾಗ, ಉಳಿದವುಗಳನ್ನೂ ಹಿಡಿಯಿರೆಂಬ ಆಕ್ರೋಶದಲ್ಲಿ ಅವರ ವಾಹನಗಳಿಗೆ ಕಲ್ಲು ಬಿದ್ದವು. ನೊಂದವರ ಸಿಟ್ಟಿಗೆ ಕಾರಣವಿದ್ದೀತು. ಆದರೆ ನೆರವಿಗೆ ಬಂದವನ ತಲೆಗೆ ಗುರಿಯಿಟ್ಟ ಕಲ್ಲಿಗೆ ಯಾವ ಕಾರಣವೂ ಸಮರ್ಥನೆಯಾಗದು.

ಇದು ಒಂದು ಗ್ರಾಮದ ದುರ್ದೈವ ಮಾತ್ರವಲ್ಲ. 2020ರ ಏಪ್ರಿಲ್‌ನಲ್ಲಿ ಕೊರೊನಾ ಸಮೀಕ್ಷೆಗೆ ತೆರಳಿದ ಆಶಾ ಕಾರ್ಯಕರ್ತೆಯರು ಬೆಂಗಳೂರಿನಲ್ಲಿಯೇ ಹಲ್ಲೆಗೊಳಗಾದರು. ಹೊರಜಗತ್ತಿನಲ್ಲಂತೂ ಸ್ಥಿತಿ ಇನ್ನೂ ಘೋರ. 2003ರ ಆಗಸ್ಟ್ 19ರಂದು ಬಾಗ್ದಾದಿನ ಬಾಂಬ್ ದಾಳಿಯಲ್ಲಿ ವಿಶ್ವಸಂಸ್ಥೆಯ ಕಚೇರಿಯಲ್ಲಿದ್ದ 22 ಮಂದಿ ಮಡಿದರು. ಆ ದಿನವೇ ಇಂದು ವಿಶ್ವ ಮಾನವೀಯ ದಿನವಾಗಿದೆ. ದಿನಾಚರಣೆಯಿಂದ ಹಿಂಸೆ ತಗ್ಗಲಿಲ್ಲ. ವಿಶ್ವಸಂಸ್ಥೆಯ ಲೆಕ್ಕದಂತೆ 2024ರಲ್ಲಿ 383 ನೆರವು ಕಾರ್ಯಕರ್ತರು ಹತರಾದರು. ಬಹುಪಾಲು ಮಂದಿ ತಮ್ಮದೇ ನಾಡಿನವರಿಗೆ ನೆರವಾಗುತ್ತಿದ್ದವರು.

‘ಸೇವೆಗೆ ಇಳಿದವನು ಅಪಾಯವನ್ನು ಒಪ್ಪಿಯೇ ಇಳಿದಿರುತ್ತಾನೆ’ ಎಂಬ ಮಾತೊಂದು ಕೇಳಿಬರುತ್ತದೆ. ಇದು ಧರ್ಮದ ಮಾತಲ್ಲ, ಹೊಣೆ ಜಾರಿಸಿಕೊಳ್ಳುವ ಜಾಣತನ. ಅಡಿಕೆಯ ಲೋಡಿಗೆ ವಿಮೆ ಮಾಡಿಸದೆ ಲಾರಿಯನ್ನು ಘಟ್ಟ ಹತ್ತಿಸದ ವರ್ತಕನು, ಅದೇ ಮಳೆಯಲ್ಲಿ ಪರಿಹಾರ ಸಾಮಗ್ರಿಯೊಡನೆ ಹೊರಟ ಹುಡುಗರನ್ನು ‘ದೇವರಿದ್ದಾನೆ’ ಎಂದು ಕಳುಹಿಸುವುದು ಯಾವ ನ್ಯಾಯ? ಸತ್ತ ಮೇಲೆ ಕೊಡುವ ಪರಿಹಾರಧನವು ಕುಟುಂಬಕ್ಕೆ ಆಸರೆಯಾದೀತು, ರಕ್ಷಣೆಯೆನಿಸದು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವು ನಾಲ್ಕು ವಿಧ. ಮೊದಲ ಮೂರಕ್ಕೆ ಫಲಕ ಹಾಕಿಸಬಹುದು. ನಾಲ್ಕನೆಯದಕ್ಕೆ ಫಲಕವಿಲ್ಲ, ಆದ್ದರಿಂದಲೇ ಅದು ಮರೆತುಹೋಗುತ್ತದೆ. ಕೊಲ್ಲದಿರುವುದಷ್ಟೇ ಅಹಿಂಸೆಯಲ್ಲ, ತಡೆಯಬಹುದಾದ ಸಾವಿಗೆ ಅಜಾಗರೂಕತೆಯಿಂದ ದಾರಿ ಮಾಡಿಕೊಡದಿರುವುದೂ ಅಹಿಂಸೆಯೇ. ಪ್ರಮಾದವೇ ಹಿಂಸೆಯ ಮೂಲವೆಂದು ಬಲ್ಲ ಸಮಾಜಕ್ಕೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಆದುದರಿಂದ ಪರಿಹಾರಕಾರ್ಯಕ್ಕೆ ಜನರನ್ನು ಕಳುಹಿಸುವ ಪ್ರತಿಯೊಂದು ಟ್ರಸ್ಟೂ ಚಾಲಕರಿಗೂ ಸ್ವಯಂಸೇವಕರಿಗೂ ಅಪಘಾತ ವಿಮೆ ಮಾಡಿಸಲಿ. ಆನೆ ಸಂಚಾರವಿರುವ ಹಾದಿಯಲ್ಲಿ ಅರಣ್ಯ ಇಲಾಖೆಯನ್ನು ವಿಚಾರಿಸದೆ, ಕತ್ತಲಲ್ಲಿ, ಒಬ್ಬೊಬ್ಬರನ್ನೇ ಅಟ್ಟದಿರಲಿ. ಹೋದವರ ಹೆಸರು, ಹೋದ ದಾರಿ, ಮರಳಬೇಕಾದ ಹೊತ್ತು ಪುಸ್ತಕದಲ್ಲಿ ದಾಖಲಾಗಲಿ. ಇದಕ್ಕೆ ತಗಲುವ ಹಣವು ದಾನದಿಂದ ಕಳೆದ ಖರ್ಚಲ್ಲ, ದಾನದ್ದೇ ಭಾಗ. ಅಷ್ಟನ್ನೂ ಮಾಡಲಾಗದ ಸಂಸ್ಥೆಯು ಅಕ್ಕಿಯನ್ನು ಕಳುಹಿಸಲಿ, ಪರರ ಮಕ್ಕಳನ್ನು ಕಳುಹಿಸದಿರಲಿ.