ಪಟ್ಟಣದ ಮೋಹವೋ, ಸಾಲದ ಪಾಶವೋ?

ಹಳ್ಳಿಯ ತರುಣನು ಪಟ್ಟಣದ ಬೆಡಗಿಗೆ ಮರುಳಾಗಿ ಕೆಟ್ಟನೆಂಬ ಕಥೆಯು ಮೂಕಚಿತ್ರಗಳ ಕಾಲದಿಂದಲೂ ನಡೆದುಬಂದಿದೆ. 1927ರಲ್ಲಿ ಮುರ್ನೌ ಎಂಬವನು ಅಮೇರಿಕೆಯಲ್ಲಿ ತೆಗೆದ ‘ಸನ್‌ರೈಸ್’ ಚಿತ್ರದಲ್ಲಿಯೂ ರೈತನನ್ನು ದಾರಿ ತಪ್ಪಿಸುವವಳು ಪಟ್ಟಣದಿಂದ ಬಂದ ಹೆಂಗಸೇ. ಉಪದೇಶಕ್ಕೆ ಇಂಥ ಕಥೆ ಬಲು ಅನುಕೂಲ. ಆದರೆ ಪೂರ್ತಿ ಸತ್ಯವಲ್ಲ.

ಅದಕ್ಕೆ ಎರಡು ವರ್ಷ ಮೊದಲೇ, 1925ರಲ್ಲಿ, ನಮ್ಮ ನೆರೆಯ ಕೊಲ್ಹಾಪುರದ ಬಾಬುರಾವ್ ಪೇಂಟರರು ‘ಸಾವಕಾರಿ ಪಾಶ್’ ಎಂಬ ಮೂಕಚಿತ್ರವನ್ನು ತೆಗೆದರು. ಅದರಲ್ಲಿ ಶಾಂತಾರಾಮರು ಅಭಿನಯಿಸಿದ ತರುಣ ರೈತನನ್ನು ಊರು ಬಿಡಿಸಿದ್ದು ವಿಲಾಸದ ಆಸೆಯಲ್ಲ, ಸಾಹುಕಾರನ ಪಾಲಾದ ಹೊಲ. ಪಟ್ಟಣದಲ್ಲಿ ಅವನಿಗೆ ದೊರೆತದ್ದು ಗಿರಣಿಯ ಕೂಲಿ. ಮೂಕಚಿತ್ರವೇ ಇಷ್ಟು ನಿಜವನ್ನು ನುಡಿದಿರುವಾಗ, ಬಾಯುಳ್ಳ ನಾವು ಸುಮ್ಮನಿರುವುದೇಕೆ?

ಪಟ್ಟಣವೇ ಪಾಪವೆಂಬ ಮಾತೂ ಸಲ್ಲದು. ಗುಬ್ಬಿಯ ವೀರಣ್ಣನವರು ಬೆಂಗಳೂರಿನಲ್ಲಿ ಮೂಕಚಿತ್ರಗಳನ್ನು ತೆಗೆಯಿಸಿದರು. ಅದರಿಂದ ಅವರು ಕೆಟ್ಟರೆಂದು ಯಾರು ಹೇಳಿಯಾರು? ಇನ್ನು ತುಮಕೂರಿನ ಸತ್ಯಮಂಗಲವನ್ನು ನೋಡಿರಿ. ಅಲ್ಲಿಯ ತರುಣನು ಪಟ್ಟಣವನ್ನು ಅರಸಿ ಹೋಗಬೇಕಾಗಿಲ್ಲ; ಪಟ್ಟಣವೇ ಕೈಗಾರಿಕಾ ಪ್ರದೇಶವಾಗಿ ಅವನ ಬಾಗಿಲಿಗೆ ಬಂದಿದೆ. ಇಲ್ಲಿ ಮೋಹಗೊಳಿಸಿದವರು ಯಾರು, ಮೋಹಗೊಂಡವರು ಯಾರು?

ಉಪಾಧ್ಯಾಯ ಮಹಾಶಯರೇ, ಊರು ಬಿಡುವ ಹುಡುಗನಿಗೆ ನೀತಿಪಾಠ ಹೇಳುವ ಮುನ್ನ, ಅವನ ಹೊಲದ ಪತ್ರವು ಯಾರ ಪೆಟ್ಟಿಗೆಯಲ್ಲಿದೆಯೆಂದು ಕೇಳಿರಿ.