ಹೃದಯಸ್ತಂಭನ: ಹಣ ಹೂಡುವ ಮುನ್ನ ಪುರಾವೆ ನೋಡಬೇಕು

ಕಚ್ಚಾ ಸಾಮಗ್ರಿ ಕೊಳ್ಳುವಾಗ ಮೂರು ಕಡೆಯಿಂದ ದರಪಟ್ಟಿ ತರಿಸಿ, ಮಾದರಿಯನ್ನು ಪರೀಕ್ಷೆಗೆ ಕಳುಹಿಸುವ ಉದ್ಯಮಿಗಳು, ಜೀವರಕ್ಷಕ ಉಪಕರಣದ ವಿಷಯ ಬಂದಾಗ ಮಾರಾಟ ಪ್ರತಿನಿಧಿಯ ಮಾತನ್ನೇ ಪ್ರಮಾಣವೆಂದು ಸ್ವೀಕರಿಸುವುದುಂಟು. ಬೆಲೆ ಹೆಚ್ಚಿದಷ್ಟೂ ರಕ್ಷಣೆಯೂ ಹೆಚ್ಚೆಂಬ ಈ ನಂಬಿಕೆಗೆ ತುರ್ತು ವೈದ್ಯಶಾಸ್ತ್ರದ ಪ್ರಯೋಗಗಳು ಬೆಂಬಲ ನೀಡುವುದಿಲ್ಲ.

ಎದೆಯನ್ನು ತಾನಾಗಿ ಒತ್ತುವ ಯಂತ್ರವನ್ನೇ ನೋಡಬಹುದು. ಮನುಷ್ಯನ ಕೈ ದಣಿಯುತ್ತದೆ, ಯಂತ್ರ ದಣಿಯದು; ಆದ್ದರಿಂದ ಯಂತ್ರವೇ ಮೇಲೆಂಬ ತರ್ಕ ಸಹಜವಾಗಿತ್ತು. ಆದರೆ 2014ರಲ್ಲಿ ಪ್ರಕಟವಾದ ‘ಲಿಂಕ್’ ಪ್ರಯೋಗದ 2,589 ರೋಗಿಗಳಲ್ಲಾಗಲಿ, 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ‘ಪ್ಯಾರಾಮೆಡಿಕ್’ ಪ್ರಯೋಗದ 4,471 ರೋಗಿಗಳಲ್ಲಾಗಲಿ, ಯಂತ್ರದಿಂದ ಬದುಕುಳಿದವರ ಪ್ರಮಾಣ ಹೆಚ್ಚಲಿಲ್ಲ. ಓಡುತ್ತಿರುವ ಆಂಬುಲೆನ್ಸಿನೊಳಗೆ ಅದರ ಉಪಯೋಗ ಬೇರೆಯೇ ಮಾತು. ದಶಕಗಳಿಂದ ಬಳಕೆಯಲ್ಲಿದ್ದ ಅಡ್ರಿನಲಿನ್ ಚುಚ್ಚುಮದ್ದು ಕೂಡ 2018ರಲ್ಲಿ 8,014 ರೋಗಿಗಳ ಮೇಲೆ ಪರೀಕ್ಷೆಗೊಳಗಾದಾಗ, 30 ದಿನ ಬದುಕಿದವರ ಪ್ರಮಾಣ ಶೇ. 2.4ರಿಂದ 3.2ಕ್ಕೆ ಏರಿತಾದರೂ, ಮಿದುಳು ಸುಸ್ಥಿತಿಯಲ್ಲಿ ಉಳಿದವರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಫಲ ನೀಡಿದ್ದು ಯಾವುದು? ಉತ್ತರ ದೊರೆತದ್ದು ಆಸ್ಪತ್ರೆಯಲ್ಲಲ್ಲ, ಅಮೆರಿಕದ ಜೂಜುಕಟ್ಟೆಗಳಲ್ಲಿ. ಅಲ್ಲಿನ ಕ್ಯಾಸಿನೊಗಳ ಭದ್ರತಾ ಸಿಬ್ಬಂದಿಗೆ ಎದೆ ಒತ್ತುವುದನ್ನೂ, ವಿದ್ಯುತ್ ಆಘಾತ ನೀಡುವ ಎಇಡಿ ಉಪಕರಣದ ಬಳಕೆಯನ್ನೂ ಕಲಿಸಲಾಯಿತು. 2000ದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಆಘಾತದಿಂದ ಸರಿಪಡಿಸಬಲ್ಲ ಹೃದಯಕಂಪನಕ್ಕೆ ಒಳಗಾದ 105 ಮಂದಿಯಲ್ಲಿ ಶೇ. 53ರಷ್ಟು ಜನ ಬದುಕಿ ಮನೆಗೆ ಮರಳಿದರು. ಕುಸಿದದ್ದನ್ನು ಯಾರಾದರೂ ಕಂಡಿದ್ದ ಪ್ರಕರಣಗಳಲ್ಲಿ, ಮೂರು ನಿಮಿಷದೊಳಗೆ ಆಘಾತ ದೊರೆತವರಲ್ಲಿ ಈ ಪ್ರಮಾಣ ಶೇ. 74, ತಡವಾದವರಲ್ಲಿ ಶೇ. 49. ಪ್ರಾಣ ಉಳಿಸಿದವರು ವೈದ್ಯರಲ್ಲ, ಬಾಗಿಲು ಕಾಯುವವರು.

ಕ್ಯಾಸಿನೊದಲ್ಲಿ ಮೂಲೆಮೂಲೆಗೂ ಕ್ಯಾಮೆರಾ ಇರುತ್ತದೆ, ಗೋದಾಮಿನಲ್ಲಿ ಇರುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಲ್ಲದೆ ಆ ಅಧ್ಯಯನದಲ್ಲಿ ಹೋಲಿಕೆಯ ಗುಂಪು ಇರಲಿಲ್ಲ. ಆ ಕೊರತೆಯನ್ನು 2004ರ ಪ್ರಯೋಗವೊಂದು ತುಂಬಿತು. ಉತ್ತರ ಅಮೆರಿಕದ ಮಳಿಗೆ ಸಂಕೀರ್ಣ, ವಸತಿ ಸಮುಚ್ಚಯ ಮೊದಲಾದ 993 ತಾಣಗಳನ್ನು ಯಾದೃಚ್ಛಿಕವಾಗಿ ವಿಂಗಡಿಸಿ, ಕೆಲವೆಡೆ ಎದೆ ಒತ್ತುವ ತರಬೇತಿಯನ್ನಷ್ಟೇ, ಉಳಿದೆಡೆ ಅದರೊಡನೆ ಎಇಡಿಯನ್ನೂ ನೀಡಲಾಯಿತು. ಮೊದಲ ಗುಂಪಿನಲ್ಲಿ 107 ಪ್ರಕರಣಗಳಿಗೆ 15 ಮಂದಿ ಬದುಕಿದರೆ, ಎರಡನೆಯದರಲ್ಲಿ 128ಕ್ಕೆ 30 ಮಂದಿ.

1948ರ ಕಾರ್ಖಾನೆ ಕಾಯಿದೆಯು 150 ಕಾರ್ಮಿಕರಿಗೆ ಒಂದರಂತೆ ಪ್ರಥಮ ಚಿಕಿತ್ಸಾ ಪೆಟ್ಟಿಗೆಯನ್ನು ವಿಧಿಸಿತ್ತು. ಗಾಯಕ್ಕೆ ಅದು ಒದಗುತ್ತದೆ. ಹೃದಯ ನಿಂತವನಿಗೆ ಬೇಕಾದದ್ದು ಪಕ್ಕದಲ್ಲಿರುವವನ ಕಲಿತ ಕೈ. ಆದುದರಿಂದ ಉದ್ದಿಮೆಗಳ ಮೊದಲ ವೆಚ್ಚ ತರಬೇತಿಗೇ ಸಲ್ಲಬೇಕು, ಅದೂ ವರ್ಷವರ್ಷವೂ. ಎರಡನೆಯದು ಎಇಡಿಗೆ. ಅದನ್ನು ವ್ಯವಸ್ಥಾಪಕರ ಕೊಠಡಿಯ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಮೂರು ನಿಮಿಷದ ಲೆಕ್ಕವೇ ತಪ್ಪುತ್ತದೆ. ಬ್ಯಾಟರಿಗೂ ಎದೆಗೆ ಅಂಟಿಸುವ ಪಟ್ಟಿಗಳಿಗೂ ಅವಧಿ ಇರುವುದರಿಂದ ವಾರ್ಷಿಕ ಮುಂಗಡಪತ್ರದಲ್ಲಿ ಅವುಗಳಿಗೆ ಮೊತ್ತ ಕಾಯ್ದಿರಿಸಬೇಕು. ಗುತ್ತಿಗೆಯವರೆಂಬ ಕಾರಣಕ್ಕೆ ರಾತ್ರಿ ಪಾಳಿಯ ಕಾವಲುಗಾರರನ್ನು ತರಬೇತಿಯಿಂದ ಹೊರಗಿಡುವ ಪದ್ಧತಿಯೂ ನಿಲ್ಲಬೇಕು. ಆ ಹೊತ್ತಿನಲ್ಲಿ ಆವರಣದೊಳಗೆ ಎಚ್ಚರವಿರುವವರು ಅವರೇ.