ಠಾಣೆಯ ಮೇಲಿನ ದೂರನ್ನು ಠಾಣೆಗೇ ಕೊಡಬೇಕೆ?



ಮನೆಗೆ ಕಳ್ಳ ನುಗ್ಗಿದರೆ ಪೊಲೀಸ್ ಠಾಣೆಗೆ ಹೋಗುತ್ತೀರಿ. ಪೊಲೀಸನೇ ನಿಮ್ಮ ಬೆನ್ನ ಮೇಲೆ ಬಾಸುಂಡೆ ಎಬ್ಬಿಸಿದರೆ ಎಲ್ಲಿಗೆ ಹೋಗುತ್ತೀರಿ? ಬೆಂಗಳೂರಿನ ಕಂಪೆನಿಗಳಲ್ಲಿ ದುಡಿಯುವ ನಿಮ್ಮಲ್ಲಿ ಎಷ್ಟೋ ಮಂದಿಯ ಊರು ಪುತ್ತೂರು, ಸುಳ್ಯ, ಕಡಬ. ಅಡಿಕೆ ತೋಟದ ನಡುವೆ ಇರುವ ನಿಮ್ಮ ಅಪ್ಪ, ಅಮ್ಮ, ತಮ್ಮನಿಗೆ ಈ ಪ್ರಶ್ನೆಯ ಉತ್ತರ ಗೊತ್ತಿದೆಯೇ? ನಿಮಗಾದರೂ ಗೊತ್ತಿದೆಯೇ?

2023ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ವಿಧಾನಸಭಾ ಚುನಾವಣೆಯ ಫಲಿತಾಂಶ ಬಂದ ಬೆನ್ನಿಗೇ ಪುತ್ತೂರಿನಲ್ಲಿ ನಾಯಕರ ಚಿತ್ರವಿದ್ದ ಬ್ಯಾನರಿಗೆ ಚಪ್ಪಲಿ ಹಾರ ಬಿತ್ತು. ಪೊಲೀಸರು ಹುಡುಗರನ್ನು ಎಳೆದೊಯ್ದರು. ಆಮೇಲೆ ಹೊರಬಂದದ್ದು ಕಪ್ಪಗೆ ಕಂದಿದ ಬೆನ್ನುಗಳ ಫೋಟೊ! ಮೊಬೈಲಿನಿಂದ ಮೊಬೈಲಿಗೆ ಫೋಟೊ ಹರಿಯಿತು, ನಾಯಕರು ಆಸ್ಪತ್ರೆಗೆ ಓಡೋಡಿ ಬಂದರು, ಒಬ್ಬ ಎಸ್‌ಐ ಮತ್ತು ಒಬ್ಬ ಕಾನ್‌ಸ್ಟೆಬಲ್ ಅಮಾನತಾದರು.

ಒಳ್ಳೆಯದೇ ಆಯಿತು. ಆದರೆ ಆ ಫೋಟೊ ಇಲ್ಲದಿದ್ದರೆ? ನಾಯಕರು ಬಾರದಿದ್ದರೆ? ರಬ್ಬರ್ ಟ್ಯಾಪಿಂಗ್ ಮಾಡುವ ಕೂಲಿಯವನ, ಕಾಲೊನಿಯ ದಲಿತ ಹುಡುಗನ, ಪೇಟೆಯ ಆಟೋ ಚಾಲಕನ ಬೆನ್ನಾಗಿದ್ದರೆ? ಅವರ ಬೆನ್ನಿನ ಫೋಟೊ ತೆಗೆಯುವವರು ಯಾರು, ನೋಡಲು ಬರುವ ನಾಯಕ ಯಾರು?

ಬೆಳ್ತಂಗಡಿಯ ಕಡೆಗೂ ನೋಡಿ. 2022ರ ಡಿಸೆಂಬರಿನಲ್ಲಿ ಜಾಗದ ತಕರಾರೊಂದರಲ್ಲಿ ಯುವ ವಕೀಲರೊಬ್ಬರನ್ನು ಪುಂಜಾಲಕಟ್ಟೆ ಠಾಣೆಯ ಪೊಲೀಸರು ಎಳೆದೊಯ್ದರು. ಅವರು ಹೈಕೋರ್ಟಿನ ಮೆಟ್ಟಿಲೇರಿದರು. 2023ರ ಜನವರಿಯಲ್ಲಿ ಹೈಕೋರ್ಟು 3 ಲಕ್ಷ ರೂಪಾಯಿ ಪರಿಹಾರ ಕೊಡಿ, ತಪ್ಪಿತಸ್ಥರಿಂದ ಅದನ್ನು ವಸೂಲಿ ಮಾಡಿ, ಇಲಾಖಾ ವಿಚಾರಣೆ ನಡೆಸಿ ಎಂದಿತು. ಕಾನೂನು ಓದಿದವರಿಗೇ ಬೆಂಗಳೂರಿನ ಹೈಕೋರ್ಟೇ ಗತಿಯಾದರೆ, ಹೆಬ್ಬೆಟ್ಟು ಒತ್ತುವವರ ಪಾಡೇನು?

ಕಡಬಕ್ಕೆ ಬನ್ನಿ. ಅತ್ಯಾಚಾರದ ಪ್ರಕರಣದಲ್ಲಿ ಸಂತ್ರಸ್ತೆಯಾಗಿದ್ದ ಬಾಲಕಿಯ ಮೇಲೆಯೇ ಅತ್ಯಾಚಾರ ಎಸಗಿದ ಆರೋಪದ ಮೇಲೆ 2021ರ ಸೆಪ್ಟೆಂಬರಿನಲ್ಲಿ ಅಲ್ಲಿನ ಠಾಣೆಯ ಕಾನ್‌ಸ್ಟೆಬಲ್ ಒಬ್ಬ ಬಂಧಿತನಾದ. ಬೇಲಿಯೇ ಎದ್ದು ಹೊಲ ಮೇಯ್ದಿತು ಎಂಬ ಆರೋಪ ಬಂದಾಗ, ಆ ಮನೆಯವರು ಅದೇ ಬೇಲಿಯ ಬಳಿ ನಿಂತು ಅಳಬೇಕೆ? 2025ರ ಜೂನ್‌ನಲ್ಲಿ ಇನ್ನೊಂದು. ನಡುರಾತ್ರಿ ಮನೆಗೆ ಬಂದು ಫೋಟೊ ತೆಗೆಯುತ್ತಾರೆ ಎಂದು ಕಡಬ ಠಾಣೆಯ ಮುಂದೆ ಜನ ಪ್ರತಿಭಟಿಸಿದರು. ಪ್ರತಿಭಟಿಸಿದವರ ಮೇಲೇ ಕೇಸು ಬಿತ್ತು! ಪೊಲೀಸರದ್ದು ಸರಿಯೋ, ಜನರದ್ದು ಸರಿಯೋ ಎಂದು ತೂಗಿ ಹೇಳುವ ಮೂರನೆಯವರು ಯಾರೂ ನಡುವೆ ಇರಲಿಲ್ಲ.

ನಮ್ಮ ಜಿಲ್ಲೆಯ ದೊಡ್ಡ ರೋಗವೊಂದಿದೆ ಗೆಳೆಯರೇ. ಏಟು ತಿಂದವನ ಬಾವುಟದ ಬಣ್ಣ ನೋಡಿ ಕಣ್ಣೀರು ಹಾಕುತ್ತೇವೆ. 2019ರ ಡಿಸೆಂಬರ್ 19ರಂದು ಮಂಗಳೂರಿನ ಗೋಲಿಬಾರಿನಲ್ಲಿ ಇಬ್ಬರು ಸತ್ತಾಗ ಒಂದು ಕಡೆಯವರು ‘ಹಾಗೇ ಆಗಬೇಕು’ ಎಂದರು. ಪುತ್ತೂರಿನ ಹುಡುಗರು ಏಟು ತಿಂದಾಗ ಇನ್ನೊಂದು ಕಡೆಯವರು ಅದನ್ನೇ ಹೇಳಿದರು. ಲಾಠಿಗೆ ಜಾತಿಯಿಲ್ಲ, ಧರ್ಮವಿಲ್ಲ. ಇವತ್ತು ಅವನ ಬೆನ್ನು, ನಾಳೆ ನಿನ್ನದು. ಬಣ್ಣ ಕೇಳದೆ ಬಾಸುಂಡೆ ಮಾತ್ರ ನೋಡುವ ಸ್ವತಂತ್ರ ಸಂಸ್ಥೆ ಬೇಕು ಎನ್ನುವುದು ಇದಕ್ಕೇ.

ಇಂಥ ಸಂಸ್ಥೆ ಕಾನೂನಿನಲ್ಲಿ ಇಲ್ಲವೆ? ಇದೆ ಸ್ವಾಮಿ! 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಆದೇಶ ಕೊಟ್ಟಿತು. ರಾಜ್ಯಕ್ಕೊಂದು, ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಮಾಡಿ. ಜಿಲ್ಲೆಯಲ್ಲಿ ಡಿವೈಎಸ್‌ಪಿ ಮತ್ತು ಅವರ ಕೆಳಗಿನವರ ಮೇಲಿನ ದೂರು ಕೇಳಲು ನಿವೃತ್ತ ಜಿಲ್ಲಾ ನ್ಯಾಯಾಧೀಶರನ್ನು ಕೂರಿಸಿ. ಎಸ್‌ಪಿ ಮತ್ತು ಮೇಲಿನವರ ದೂರು ರಾಜ್ಯ ಪ್ರಾಧಿಕಾರಕ್ಕೆ. ಪ್ರಾಧಿಕಾರ ಹೇಳಿದ್ದನ್ನು ಇಲಾಖೆ ಪಾಲಿಸಲೇಬೇಕು. ಅರ್ಜಿ ಹಾಕಿದ ಪ್ರಕಾಶ್ ಸಿಂಗ್ ಯಾರು? ಉತ್ತರ ಪ್ರದೇಶದ ಪೊಲೀಸ್ ಮುಖ್ಯಸ್ಥರಾಗಿದ್ದವರು. ಪೊಲೀಸ್ ದ್ವೇಷಿಯಲ್ಲ, ಪೊಲೀಸೇ!

ನಮ್ಮ ಸರ್ಕಾರ ಏನು ಮಾಡಿತು? ಆರು ವರ್ಷ ಕಳೆದು 2012ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಜಿಲ್ಲಾ ಪ್ರಾಧಿಕಾರದ ತಲೆಯ ಮೇಲೆ ನ್ಯಾಯಾಧೀಶರ ಬದಲು ಸರ್ಕಾರದ ಅಧಿಕಾರಿಯನ್ನೇ ಕೂರಿಸಿತು. ಜಿಲ್ಲೆಯ ಎಸ್‌ಪಿಗೂ ಅದರೊಳಗೊಂದು ಕುರ್ಚಿ ಹಾಕಿತು! ಎಸ್‌ಪಿಯ ಕೈಕೆಳಗಿನ ಎಸ್‌ಐ ಮೇಲೆ ದೂರು, ಎಸ್‌ಪಿಯ ಎದುರೇ ವಿಚಾರಣೆ. ಆಡಿಟ್ ಮಾಡಿಸಬೇಕಾದವನೇ ಆಡಿಟರ್ ಪಕ್ಕದಲ್ಲಿ ಪೆನ್ನು ಹಿಡಿದು ಕೂತರೆ ಲೆಕ್ಕ ಸರಿಬರದೆ ಇರುತ್ತದೆಯೇ?

ಸುಳ್ಯದ ಗಡಿ ದಾಟಿದರೆ ಕಾಸರಗೋಡು. ನಮ್ಮ ಕನ್ನಡಿಗರ ಭಾಷೆಯನ್ನು ತುಳಿಯುವ ಕೇರಳ ಸರ್ಕಾರದ ಜೊತೆ ನಮಗೆ ಜಗಳ ಇದ್ದೇ ಇದೆ. ಆದರೆ ಸತ್ಯ ಹೇಳೋಣ. ಕೇರಳದ 2011ರ ಪೊಲೀಸ್ ಕಾಯ್ದೆಯಲ್ಲಿ ಜಿಲ್ಲಾ ದೂರು ಪ್ರಾಧಿಕಾರದ ಅಧ್ಯಕ್ಷ ನಿವೃತ್ತ ಜಿಲ್ಲಾ ನ್ಯಾಯಾಧೀಶ. ಗಡಿಯ ಆಚೆ ಆಗುವುದು ಈಚೆ ಯಾಕೆ ಆಗುವುದಿಲ್ಲ?

ಇಂಗ್ಲೆಂಡನ್ನೇ ನೋಡಿ. 1977ರಲ್ಲಿ ಅಲ್ಲಿ ಮಾಡಿದ ದೂರು ಮಂಡಳಿ, ಪೊಲೀಸರೇ ತನಿಖೆ ಮಾಡಿ ಕಳಿಸಿದ ಕಾಗದ ಓದುತ್ತಾ ಕೂತಿತ್ತು. ಜನ ನಂಬಲಿಲ್ಲ. 1985ರಲ್ಲಿ ಬದಲಾಯಿತು, ಸಾಲದೆ 2004ರಲ್ಲಿ ಸ್ವಂತ ತನಿಖಾಧಿಕಾರಿಗಳಿರುವ ಆಯೋಗ ಬಂತು, 2018ರಲ್ಲಿ ಅದನ್ನೂ ತಿದ್ದಿದರು. ಉತ್ತರ ಐರ್ಲೆಂಡಿನಲ್ಲಿ ಕೋಮುದಳ್ಳುರಿಯ ನಡುವೆಯೂ 2000ದಲ್ಲಿ ಸ್ವತಂತ್ರ ಪೊಲೀಸ್ ಓಂಬುಡ್ಸ್‌ಮನ್ ಕಚೇರಿ ತೆರೆಯಿತು. ಅವರು 1977ರಲ್ಲಿ ಮಾಡಿದ ತಪ್ಪನ್ನೇ ನಾವು 2012ರಲ್ಲಿ ಕಾನೂನು ಮಾಡಿಕೊಂಡಿದ್ದೇವೆ.

ಇದರಿಂದ ಪೊಲೀಸರ ಕೈ ಕಟ್ಟಿದಂತಾಗುತ್ತದೆ, ಸುಳ್ಳು ದೂರು ಬರುತ್ತವೆ ಎನ್ನುವವರಿದ್ದಾರೆ. ಹಬ್ಬಕ್ಕೂ ರಜೆ ಸಿಗದೆ ಹಗಲೂ ರಾತ್ರಿ ದುಡಿಯುವ ಪ್ರಾಮಾಣಿಕ ಕಾನ್‌ಸ್ಟೆಬಲ್ ನಮ್ಮವನೇ, ಕನ್ನಡದ ಬಡವನ ಮಗನೇ. ಇಂದು ಗಲಾಟೆಯಾದರೆ ಅಮಾನತಾಗುವುದು ಅವನು, ‘ಬಾರಿಸು’ ಎಂದ ಮೇಲಿನವನಲ್ಲ. ಸುಳ್ಳು ದೂರನ್ನು ಸುಳ್ಳು ಎಂದು ನ್ಯಾಯಾಧೀಶರು ಹೇಳಿದರೆ ಜನ ನಂಬುತ್ತಾರೆ. ಎಸ್‌ಪಿ ಹೇಳಿದರೆ ನಂಬುವುದಿಲ್ಲ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಜಿಲ್ಲಾ ಪ್ರಾಧಿಕಾರದಿಂದ ಎಸ್‌ಪಿ ಹೊರಗೆ ಬರಲಿ, ನಿವೃತ್ತ ಜಿಲ್ಲಾ ನ್ಯಾಯಾಧೀಶರು ಒಳಗೆ ಬರಲಿ. ಅದಕ್ಕೆ ಸ್ವಂತ ತನಿಖಾಧಿಕಾರಿಗಳಿರಲಿ. ಸುಳ್ಯದವನು 300 ಕಿಲೋಮೀಟರು ಬಸ್ಸಿನಲ್ಲಿ ಬೆಂಗಳೂರಿಗೆ ಬರುವುದು ಬೇಡ, ಪ್ರಾಧಿಕಾರವೇ ಪುತ್ತೂರು, ಸುಳ್ಯ, ಕಡಬದಲ್ಲಿ ಸರದಿಯಂತೆ ಕೂರಲಿ. ದೂರು, ವಿಚಾರಣೆ, ಆದೇಶ ಎಲ್ಲವೂ ಕನ್ನಡದಲ್ಲಿ ನಡೆಯಲಿ. ತುಳು, ಅರೆಭಾಷೆ, ಬ್ಯಾರಿಯಲ್ಲಿ ಹೇಳಿದ್ದನ್ನೂ ಕೇಳಿ ಬರೆದುಕೊಳ್ಳಲಿ. ಏಟು ಬಿದ್ದದ್ದು ತಾಯಿನುಡಿಯಲ್ಲಿ ಅಳುವವನಿಗೆ, ಆದೇಶ ಮಾತ್ರ ಇಂಗ್ಲಿಷಿನಲ್ಲೇಕೆ?

ಅಲ್ಲಿಯವರೆಗೆ ಸುಮ್ಮನೆ ಕೂರಬೇಡಿ. ಊರಿಗೆ ಫೋನು ಮಾಡಿದಾಗ ಇಷ್ಟು ಹೇಳಿಕೊಡಿ. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಲ್ಲಿ ಹೆದರದೆ ಏಟಿನ ಗುರುತು ತೋರಿಸಿ, ವೈದ್ಯಕೀಯ ಪರೀಕ್ಷೆ ಕೇಳಿ. 2020ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನಂತೆ ಎಲ್ಲ ಠಾಣೆಗಳಲ್ಲೂ ಸಿಸಿ ಕ್ಯಾಮೆರಾ ಇರಬೇಕು. ಅದರ ದೃಶ್ಯ ಉಳಿಸಿ ಎಂದು ಕೂಡಲೇ ಅರ್ಜಿ ಕೊಡಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ. ಪ್ರತಿಯೊಂದು ಕಾಗದಕ್ಕೂ ಸ್ವೀಕೃತಿ ಇಟ್ಟುಕೊಳ್ಳಿ. ಕನ್ನಡದಲ್ಲೇ ಬರೆಯಿರಿ.

ನಿಮ್ಮ ಕ್ಷೇತ್ರದ ಶಾಸಕ ಮುಂದೆ ಮತ ಕೇಳಲು ಬಂದಾಗ ರಸ್ತೆ, ಸೇತುವೆಯ ಜೊತೆಗೆ ಒಂದೇ ಪ್ರಶ್ನೆ ಕೇಳಿ: ಎಸ್‌ಪಿಯನ್ನು ಆ ಕುರ್ಚಿಯಿಂದ ಎಬ್ಬಿಸುವುದು ಯಾವಾಗ? ಉತ್ತರ ಕೊಡದವನಿಗೆ ಓಟೂ ಕೊಡಬೇಡಿ.